ಮಾವನವರ ಸಂಘದ ದಫ್ತರ

ನನ್ನನ್ನು ನೋಡಲು ಬಂದ ದಿನ ಮಾವನವರು ಹಾಡು ಎನ್ನಲಿಲ್ಲ, ನಡೆದು ತೋರಿಸು ಎನ್ನಲಿಲ್ಲ. ಇಂಡಿ ಊರಿನ ನಮ್ಮ ಮನೆಯ ಪಡಸಾಲೆಯಲ್ಲಿ ಜಮಖಾನೆಯ ಮೇಲೆ ಕಾಲು ಮಡಿಚಿ ಕುಳಿತು, ಮುಂದಿಟ್ಟ ಉಪ್ಪಿಟ್ಟನ್ನು ಮುಟ್ಟದೆ, ಕೇಳಿದ್ದು ಇಷ್ಟೇ.

"ಕನ್ನಡಾ ಟೈಪಿಂಗ್ ಬರ್ತೈತೇನು?"

"ಬರ್ತೈತ್ರಿ."

"ಸ್ಕ್ಯಾನಿಂಗ್?"

"ಅದೂ ಬರ್ತೈತ್ರಿ."

"ಒಮ್ಮೆ ಕೆಲಸಕ್ಕ ಕುಂತ್ರ ಎದ್ದು ಎದ್ದು ಹೋಗೂ ಚಾಳಿ ಇಲ್ಲಲ್ಲ?"

ಅಪ್ಪ ನಕ್ಕುಬಿಟ್ಟ. ನಿಂಬೆ ತೋಟ ಮಾಡಿಕೊಂಡಿದ್ದ ಮನುಷ್ಯ, ಬೀಗರಾಗುವವರು ಹಾಸ್ಯ ಮಾಡುತ್ತಿದ್ದಾರೆ ಎಂದುಕೊಂಡ. "ನಮ್ಮ ಹುಡುಗಿಗೆ ಭಾಳ ಸಬೂರಿ ಐತ್ರಿ," ಎಂದ. ಮಾವನವರು ನಗಲಿಲ್ಲ. ಪಕ್ಕದಲ್ಲಿದ್ದ ಮಗನ ಕಡೆ ತಿರುಗಿ ಒಮ್ಮೆ ತಲೆಯಾಡಿಸಿದರು. ಮದುವೆ ಗೊತ್ತಾಯಿತು.

ಹೊಸ ಶತಮಾನ ಶುರುವಾಗಿ ಒಂದೆರಡು ವರ್ಷಗಳಾಗಿದ್ದವು. ನಾನು ವಿಜಾಪುರದ ಹಾಸ್ಟೆಲಿನಲ್ಲಿದ್ದು ಕಂಪ್ಯೂಟರ್ ಡಿಪ್ಲೋಮಾ ಮುಗಿಸಿ ಬಂದಿದ್ದೆ. ಆ ಸರ್ಟಿಫಿಕೇಟು ನನಗೊಂದು ನೌಕರಿ ಕೊಡಿಸುತ್ತದೆ ಎಂದು ಅಪ್ಪ ಊರೆಲ್ಲ ಹೇಳಿಕೊಂಡು ಬಂದಿದ್ದ. ನೌಕರಿಯನ್ನೇ ಕೊಡಿಸಿತು, ಆದರೆ ಕೊರಳಿಗೆ ತಾಳಿ ಕಟ್ಟಿ ಕೊಡಿಸಿತು.

ಗಂಡನ ಮನೆ ಸಿಂದಗಿಯಲ್ಲಿ, ಯಂಕಂಚಿಯ ಕಡೆ ಹೋಗುವ ರಸ್ತೆಗೆ ಹತ್ತಿಕೊಂಡ ಹೊಸ ಕಾಲೋನಿಯಲ್ಲಿತ್ತು. ಮೊದಲು ಜೋಳದ ಹೊಲವಾಗಿದ್ದ ಜಾಗವನ್ನು ಪ್ಲಾಟು ಮಾಡಿ ಮಾರಿದ್ದರು. ಕೊಂಡವರು ಮಾಸ್ತರರು, ಅಡತಿ ವ್ಯಾಪಾರಿಗಳು, ಕಚೇರಿಗಳ ನೌಕರರು. ಮನೆಗಳು ಎದ್ದ ಮೇಲೆ ಎಲ್ಲರೂ ಸೇರಿ ನಿವಾಸಿಗಳ ಸಂಘವೊಂದನ್ನು ಕಟ್ಟಿಕೊಂಡಿದ್ದರು. ನಳದ ನೀರು, ಬೀದಿ ದೀಪ, ಗಟಾರು, ನಡುವೆ ಉದ್ಯಾನಕ್ಕೆಂದು ಬಿಟ್ಟ ಖಾಲಿ ಜಾಗ ಎಲ್ಲವೂ ಸಂಘದ ವ್ಯವಹಾರ. ಹೆಡ್ ಕ್ಲರ್ಕ್ ಆಗಿ ನಿವೃತ್ತರಾಗಿದ್ದ ಮಾವನವರು ಸಂಘ ಹುಟ್ಟಿದಾಗಿನಿಂದ ಅದರ ಕಾರ್ಯದರ್ಶಿ. ಅಧ್ಯಕ್ಷರು ಬದಲಾಗುತ್ತಿದ್ದರು, ಇವರು ಬದಲಾಗುತ್ತಿರಲಿಲ್ಲ.

ಸಂಘದ ದಫ್ತರವೆಲ್ಲ, ಅಂದರೆ ಅರ್ಜಿಗಳು, ಠರಾವುಗಳು, ಪ್ಲಾಟಿನ ನಕಾಶೆಗಳು, ತಕರಾರುಗಳು, ಅವರ ಮಂಚದ ಕೆಳಗಿನ ಎರಡು ತಗಡಿನ ಟ್ರಂಕುಗಳಲ್ಲಿತ್ತು. ನನ್ನ ಮದುವೆಗೆ ಮುಂಚಿನ ಮಳೆಗಾಲದಲ್ಲಿ ಒಂದು ಟ್ರಂಕಿಗೆ ಒರಲೆ ಹುಳ ಹತ್ತಿತ್ತು. ಮುಚ್ಚಳ ತೆರೆದಾಗ ಮೇಲಿನ ಕಾಗದ ಸರಿಯಾಗಿಯೇ ಇತ್ತು, ಕೈ ಹಾಕಿದರೆ ಕೆಳಗೆ ಮಣ್ಣು. ಮಾವನವರು ಎರಡು ದಿನ ಊಟ ಬಿಟ್ಟರಂತೆ. ಮೂರನೆಯ ದಿನ ವಿಜಾಪುರಕ್ಕೆ ಹೋಗಿ ಕಂಪ್ಯೂಟರು, ಸ್ಕ್ಯಾನರು, ಯುಪಿಎಸ್ಸು ತಂದರು. ಆಮೇಲೆ ಮಗನಿಗೆ ಹೆಣ್ಣು ಹುಡುಕಿದರು. ಇದನ್ನು ನನಗೆ ಹೇಳಿದ್ದು ಅವರೇ, ಮದುವೆಯಾದ ವಾರದೊಳಗೆ, ಬಹಳ ಸಹಜವಾಗಿ.

ನನ್ನ ಗಂಡನಿಗೆ ಬಸವನ ಬಾಗೇವಾಡಿಯಲ್ಲಿ ನೌಕರಿ. ಅಲ್ಲೇ ಖೋಲಿ ಮಾಡಿಕೊಂಡಿದ್ದರು, ಶನಿವಾರ ಸಂಜೆ ಬಂದು ಸೋಮವಾರ ಬೆಳಿಗ್ಗೆ ಹೋಗುತ್ತಿದ್ದರು. ನಾನೂ ಬರುತ್ತೇನೆ ಎಂದರೆ, "ಅಪ್ಪಾರ ಕೆಲಸ ಒಂದು ಮುಗೀಲಿ," ಎನ್ನುತ್ತಿದ್ದರು. ಉಳಿದ ದಿನಗಳು ನಾನು, ಅತ್ತೆ, ಮಾವ, ಎರಡು ಟ್ರಂಕು.

ಬೆಳಿಗ್ಗೆ ಚಹಾ ಆದ ಕೂಡಲೇ ಕೆಲಸ ಶುರು. ಮೊದಲು ಕಾಗದಗಳ ಮಣ್ಣು ಜಾಡಿಸಬೇಕು. ತುಕ್ಕು ಹಿಡಿದ ಟಾಚಣಿಗಳನ್ನು, ಅಂದರೆ ಗುಂಡುಸೂಜಿಗಳನ್ನು, ಕಾಗದ ಹರಿಯದಂತೆ ಬಿಡಿಸಬೇಕು. ಹರಿದಿದ್ದಕ್ಕೆ ಹಿಂದಿನಿಂದ ಟೇಪು. ತೆಳುವಾದ ಕಾರ್ಬನ್ ಪ್ರತಿಗಳ ಹಿಂದೆ ಕಪ್ಪು ಹಾಳೆ ಇಟ್ಟರೆ ಮಾತ್ರ ಅಕ್ಷರ ನಿಚ್ಚಳವಾಗಿ ಬರುತ್ತಿತ್ತು. ಸ್ಕ್ಯಾನರಿನ ದೀಪ ಮುದುಕರು ಮೆಟ್ಟಿಲು ಇಳಿದಂತೆ ನಿಧಾನವಾಗಿ ಸರಿಯುತ್ತಿತ್ತು. ಪ್ರತಿ ಪ್ಲಾಟಿಗೂ ಕಂಪ್ಯೂಟರಿನಲ್ಲಿ ಒಂದು ಕಪಾಟು ಮಾಡಿ, ಅದರೊಳಗೆ ವರ್ಷವಾರು ಕಾಗದಗಳನ್ನು ಹೆಸರಿಟ್ಟು ಸೇರಿಸುತ್ತಿದ್ದೆ. ಠರಾವುಗಳನ್ನು ಮಾತ್ರ ಮಾವನವರು ಓದಿ ಹೇಳುತ್ತಿದ್ದರು, ನಾನು ಟೈಪು ಮಾಡಬೇಕಿತ್ತು.

ಅವರ ಕೈಯಲ್ಲಿ ಕಚೇರಿಯ ಕಾಲದ ದುಂಡನೆಯ ಮರದ ರೂಲು ಇರುತ್ತಿತ್ತು. ಅಕ್ಷರ ತಪ್ಪಿದರೆ ಮೇಜಿನ ಮೇಲೆ ಟಕ್ಕೆಂದು ಬಡಿಯುವರು. ಒಮ್ಮೆ ಅದು ನನ್ನ ಬೆರಳ ಗೆಣ್ಣಿಗೆ ಬಿತ್ತು. ಕಣ್ಣಲ್ಲಿ ನೀರು ಬಂತು.

"ಕೈ ಯಾಕ ಅಡ್ಡ ತಂದಿ?" ಎಂದರು. "ಮುಂದಿಂದು ಹೊಡಿ."

ಮನೆಗೆ ಬಂದವರಿಗೆ ನನ್ನನ್ನು ಸೊಸೆ ಎಂದು ಪರಿಚಯಿಸಿದ್ದು ನೆನಪಿಲ್ಲ. "ಇಕಿ ನಮ್ಮ ಆಪರೇಟರ್," ಎನ್ನುವರು. ಬಂದವರು ನಗುವರು. ನಾನು ಚಹಾ ತಂದಿಟ್ಟು ಮತ್ತೆ ಹೋಗಿ ಕೂರುತ್ತಿದ್ದೆ.

ಎಲ್ಲ ಕಾಗದಗಳನ್ನೂ ಕಪ್ಪು ಬಿಳುಪಿನಲ್ಲಿ ತೆಗೆಯಲು ಹೇಳಿದ್ದರು, ಡಿಸ್ಕಿನಲ್ಲಿ ಜಾಗ ಉಳಿಯಲಿ ಎಂದು. ಒಂದು ಕಟ್ಟನ್ನು ಮಾತ್ರ ಬಣ್ಣದಲ್ಲಿ ತೆಗೆಸಿದರು. ಅವು ಅವರು ತಿರಸ್ಕರಿಸಿದ ಅರ್ಜಿಗಳು. ಗೇಟಿನ ಮುಂದಿನ ಕಂಬಕ್ಕೆ ದೀಪ ಹಾಕಿಸಿ ಎಂದು ಬರೆದ ವಿಧವೆಯದು, ಹೆಂಡತಿಗೆ ಕಾಲಿಲ್ಲ, ನಳ ಅಂಗಳದೊಳಗೆ ಬೇಕು ಎಂದು ಬೇಡಿಕೊಂಡ ಮಾಸ್ತರರದು, ಹೀಗೆ. ಪ್ರತಿಯೊಂದರ ಮೇಲೂ ಕೆಂಪು ಶಾಯಿಯಲ್ಲಿ ಅಡ್ಡವಾಗಿ 'ತಿರಸ್ಕರಿಸಿದೆ' ಎಂದು ಬರೆದು ಸಹಿ ಮಾಡಿದ್ದರು. "ಕೆಂಪು ಕೆಂಪಾಗೇ ಬರಬೇಕು," ಎಂದು ಪರದೆಗೆ ಮೂಗು ತಾಗುವಷ್ಟು ಬಗ್ಗಿ ನೋಡುವರು. ಬಂದರೆ ಸಮಾಧಾನದಿಂದ ಎಲೆ ಅಡಿಕೆ ಹಾಕಿಕೊಳ್ಳುವರು.

ಅತ್ತೆಯದು ಬೇರೆ ರೀತಿ. ಅವರು ಗಂಡನ ಮುಂದೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಮಾತೆಲ್ಲ ನನಗಾಗಿ ಉಳಿಸಿಟ್ಟಿದ್ದರು. ಮಧ್ಯಾಹ್ನ ಎದ್ದು ಬಂದರೆ ನನ್ನ ಪಾಲಿನ ರೊಟ್ಟಿ ತಣ್ಣಗಾಗಿ ಅಂಚು ಸೆಟೆದಿರುತ್ತಿತ್ತು. "ಕುಂತು ಕೆಲಸಾ ಮಾಡೋರಿಗೆ ಹಸಿವು ಎಲ್ಲಿಂದ ಬರ್ತೈತಿ?" ಎಂದು, ನಾನು ತಿಂದು ಮುಗಿಸುವ ತನಕ ಎದುರಿಗೇ ನಿಂತು ನೋಡುತ್ತಿದ್ದರು.

ಸಂಘದ ವಾರ್ಷಿಕ ಸಭೆ ಒಂದು ಭಾನುವಾರ ಇತ್ತು. ಆ ಸಭೆಯಲ್ಲಿ ಇಡೀ ದಫ್ತರವನ್ನು ಒಂದು ಸಿಡಿಯಲ್ಲಿ ಹಾಕಿ ತೋರಿಸುತ್ತೇನೆ ಎಂದು ಮಾವನವರು ಮನೆಮನೆಗೂ ಹೇಳಿ ಬಂದಿದ್ದರು. ಜವಳಿ ಅಂಗಡಿಯ ಒಬ್ಬ ಸದಸ್ಯ ಆಗಲೇ ಇವರನ್ನು ಇಳಿಸಬೇಕೆಂದು ಗುಂಪು ಕಟ್ಟುತ್ತಿದ್ದ. ಅವನ ಬಾಯಿ ಮುಚ್ಚಿಸುವುದು ಇವರ ಆಸೆ.

ಶನಿವಾರ ನಾನು ಕೊನೆಯ ಕಟ್ಟು ಬಿಚ್ಚಿ ಕುಳಿತಿದ್ದೆ. ಬೆಳಿಗ್ಗೆ ಪಡಸಾಲೆಯಲ್ಲಿ ಫೋನು ಬಡಿಯಿತು. ಮಾವನವರು ಎತ್ತಿದರು. "ಹೂಂ... ಹೂಂ... ಯಾವಾಗಿಂದ?... ಆತು, ಹೇಳ್ತೇನಿ," ಎಂದದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ ನನ್ನ ಹಿಂದೆ ಬಂದು ನಿಂತರು.

"ಇನ್ನ ಎಷ್ಟು ಹಾಳಿ ಉಳದಾವ?"

"ಇದೊಂದು ಕಟ್ಟರಿ. ಆಮ್ಯಾಲ ಸಿಡಿ ಬರೀಬೇಕ್ರಿ."

"ಲಗೂ ಮುಗಸು." ಹೊರಟವರು ನಿಂತು, ಒಳಗೆ ಕೂಗಿದರು. "ಏ, ಇಕಿಗೆ ಚಾ ಮಾಡಿ ಕೊಡು. ಬಿಸಿ ಇರಲಿ."

ಆ ಮನೆಯಲ್ಲಿ ನಾನು ಕುಳಿತಲ್ಲಿಗೆ ಚಹಾ ಬಂದದ್ದು ಅದೇ ಮೊದಲು. ಅತ್ತೆ ಬಸಿಯಲ್ಲಿ ಎರಡು ಬಿಸ್ಕೀಟೂ ಇಟ್ಟು ತಂದರು. ಇಟ್ಟು, ನನ್ನ ಮುಖವನ್ನೇ ನೋಡುತ್ತ ನಿಂತರು. ಏನೋ ಹೇಳಲಿದ್ದಾರೆ ಎನಿಸಿ ನಾನು ತಲೆ ಎತ್ತಿದೆ. "ಕುಡಿ, ಆರ್ತೈತಿ," ಎಂದು ಹೋದರು. ಕೆಲಸ ಮುಗಿಯುತ್ತ ಬಂದಿದ್ದಕ್ಕೆ ಇವರಿಗೆಲ್ಲ ಮನಸ್ಸು ಕರಗಿದೆ ಎಂದುಕೊಂಡೆ. ಸಂತೋಷದಿಂದ ಬೇಗ ಬೇಗ ಕೈ ಆಡಿಸಿದೆ. ಮೊದಲ ಸಿಡಿ ನಡುವೆ ಕರೆಂಟು ಹೋಗಿ ಕೆಟ್ಟಿತು. ಯುಪಿಎಸ್ಸು ಕೀಚ್ ಕೀಚ್ ಎಂದು ಕೂಗಿ ಸುಮ್ಮನಾಯಿತು. ಕರೆಂಟು ಬರಲು ಕಾದು, ಎರಡನೆಯದನ್ನು ಬರೆದೆ. ಅದು ಹೊರಬಂದಾಗ ಬಿಸಿಲು ಇಳಿದಿತ್ತು.

ಮಾವನವರು ಸಿಡಿಯನ್ನು ಧೋತರದ ತುದಿಯಿಂದ ಒರೆಸಿ, ಡಬ್ಬಿಯಲ್ಲಿ ಹಾಕಿ, ಜೇಬಿಗಿಳಿಸಿಕೊಂಡು ಹೇಳಿದರು.

"ನಿಮ್ಮಪ್ಪಗ ಆರಾಮಿಲ್ಲಂತ. ಸಂಜಿ ಬಸ್ಸಿಗೆ ಹೋಗಿ ಬಾ."

"ಯಾವಾಗ ಫೋನ್ ಬಂದಿತ್ರಿ?"

"ಈಗ."

ಬಸ್ಸು ಕುಂಟುತ್ತ ಹೋಯಿತು. ಸಾಲೋಟಗಿ ದಾಟಿದ ಮೇಲೆ, ನಮ್ಮೂರಿನ ಹೆಂಗಸೊಬ್ಬಳು ಹತ್ತಿ ನನ್ನ ಪಕ್ಕ ಕುಳಿತಳು. ನನ್ನನ್ನು ನೋಡಿದವಳೇ ಬಾಯಿಗೆ ಸೆರಗು ಹಚ್ಚಿಕೊಂಡಳು. "ಈಗ ಹೊಂಟೀಯೇನ ತಂಗಿ?" ಎಂದಳು. ನನಗೆ ಗೊತ್ತಾಯಿತು.

ಅಪ್ಪನನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ಹಣೆಗೆ ವಿಭೂತಿ, ಕೊರಳ ತುಂಬ ಹೂವು. ಗಲ್ಲಕ್ಕೆ ಬಟ್ಟೆ ಕಟ್ಟಿದ್ದರಿಂದ ಹಲ್ಲುನೋವು ಬಂದವನ ಹಾಗೆ ಕಾಣುತ್ತಿದ್ದ. ನಾನು ಅತ್ತು ಮುಗಿಸಿದ ಮೇಲೆ ಅಣ್ಣ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋದ.

"ಮುಂಜಾನೇನ ಫೋನ್ ಮಾಡಿದ್ನಲ್ಲವಾ. ಯಾಕ ತಡಾ ಮಾಡಿದಿ?"

"ಯಾರು ಎತ್ತಿದ್ರು?"

"ನಿಮ್ಮ ಮಾವಾರ ಎತ್ತಿದ್ರು. ಕಳಸ್ತೇನಿ ಅಂದ್ರು. ಮಧ್ಯಾಹ್ನದ ತನಕಾ ಅಪ್ಪಗ ಎಚ್ಚರ ಇತ್ತು. ಬಾಗಲಾ ನೋಡಾಕತ್ತಿದ್ದ. ಬಸ್ ಸಿಕ್ಕಿರಾಕಿಲ್ಲ ಬಿಡು ಅಂತ ನಾನೇ ಹೇಳಿದೆ."

ಆಗ ನೆನಪಾದದ್ದು ಆ ಚಹಾ. ಅತ್ತೆಗೂ ಗೊತ್ತಿತ್ತು. ಬಿಸ್ಕೀಟು ಅದಕ್ಕೇ.

ಮರುದಿನ ಬೆಳಿಗ್ಗೆ ಅಪ್ಪನನ್ನು ನಿಂಬೆ ತೋಟದ ಮೂಲೆಯಲ್ಲಿ ಮಣ್ಣು ಮಾಡಿದರು. ಅದೇ ಹೊತ್ತಿನಲ್ಲಿ ಸಿಂದಗಿಯಲ್ಲಿ ಸಂಘದ ಸಭೆ ನಡೆದಿತ್ತು. ಅಲ್ಲಿ ಏನಾಯಿತೆಂದು ನನಗೆ ಆಮೇಲೆ ಹೇಳಿದ್ದು ನಮ್ಮ ಪಕ್ಕದ ಮನೆಯ ನರ್ಸು ಬಾಯಿ.

ಮಾವನವರು ಒಂದು ಶಾಲೆಯ ಕಂಪ್ಯೂಟರ್ ಖೋಲಿಯಲ್ಲಿ ಸಭೆ ಇಡಿಸಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಟೋಪಿ. ಎಲ್ಲರೆದುರು ಸಿಡಿ ಹಾಕಿಸಿ, ಮೊದಲಿಗೆ ತಮ್ಮ ಠರಾವುಗಳನ್ನು ತೆರೆಸಿದರು. ಪರದೆಯ ಮೇಲೆ ಕನ್ನಡ ಬರಲಿಲ್ಲ. ಇಂಗ್ಲಿಷ್ ಅಕ್ಷರಗಳ ತಲೆಯ ಮೇಲೆ ಕೊಂಬು, ಬುಡಕ್ಕೆ ಬಾಲ, ನಡುವೆ ಚುಕ್ಕಿ, ಪುಟ ತುಂಬ ಅದೇ ರಾಡಿ. ಆ ಕಾಲದಲ್ಲಿ ಕನ್ನಡದಲ್ಲಿ ಟೈಪು ಮಾಡಿದ್ದನ್ನು ಬೇರೆ ಯಂತ್ರದಲ್ಲಿ ಓದಬೇಕೆಂದರೆ ಅದೇ ಫಾಂಟನ್ನು ಅಲ್ಲಿಯೂ ಹಾಕಬೇಕಿತ್ತು. ನಾನು ಜೊತೆಗೆ ಹೋಗಿ ಹಾಕಿಕೊಡುವುದು ಎಂದು ಮಾತಾಗಿತ್ತು.

"ಇದ್ಯಾವ ಭಾಷಾರೀ ಕಾರ್ಯದರ್ಶಿಗಳ?" ಎಂದು ಜವಳಿ ಅಂಗಡಿಯವನು ಎದ್ದು ನಿಂತು ಕೇಳಿದನಂತೆ. "ನೀವೇ ಓದಿ ಹೇಳ್ರಿ, ನಮಗ ತಿಳೀವಲ್ದು!"

ಹೆಂಗಸರು ಸಹಿತ ನಕ್ಕರಂತೆ. ಮಾವನವರು ಪುಟದಿಂದ ಪುಟಕ್ಕೆ ಸರಿಸುತ್ತ, ಎಲ್ಲಾದರೂ ಒಂದು ಕನ್ನಡ ಅಕ್ಷರ ಸಿಗುತ್ತದೆಯೋ ಎಂದು ಹುಡುಕುತ್ತ ನಿಂತರಂತೆ. ಯಾರೋ ಕೂತುಕೊಳ್ಳಿ ಎಂದು ತೋಳು ಹಿಡಿದು ಕೂರಿಸಿದರಂತೆ.

ಮೂರನೆಯ ದಿನ ಅವರು ಇಂಡಿಗೆ ಮಾತಾಡಿಸಲು ಬಂದರು. ಜೊತೆಗೆ ನನ್ನ ಗಂಡ. ಮನೆ ತುಂಬ ಜನ. ಅವ್ವ ಮೂಲೆಯಲ್ಲಿ ಕುಳಿತಿದ್ದಳು, ಬಳೆ ಒಡೆದ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡು. ಮಾವನವರು ಅವ್ವನಿಗೆ ಕೈ ಮುಗಿದರು. ಅಣ್ಣನ ಭುಜ ತಟ್ಟಿದರು. ನನ್ನ ಕಡೆ ತಿರುಗಿ, ತಗ್ಗಿಸದ ಧ್ವನಿಯಲ್ಲಿ ಕೇಳಿದರು.

"ಆ ಫಾಂಟ್ ಯಾಕ ಹಾಕಿರಲಿಲ್ಲ?"

ಯಾರಿಗೂ ಅರ್ಥವಾಗಲಿಲ್ಲ. ಸತ್ತವನ ಬಾಯಿಗೆ ಏನೋ ಹಾಕಬೇಕಿತ್ತು, ಶಾಸ್ತ್ರದಲ್ಲಿ ತಪ್ಪಾಗಿದೆ ಎಂದು ತಿಳಿದು ನಮ್ಮ ಸೋದರತ್ತೆ, "ಎಲ್ಲಾ ಹಾಕೇವ್ರಿ ಬೀಗರ," ಎಂದಳು.

"ನಿನ್ನ ಕೇಳಾಕತ್ತೇನಿ," ಎಂದರು ಮಾವನವರು ನನಗೆ. "ಮಂದಿ ಮುಂದ ನನ್ನ ಮಾನಾ ತೆಗದಿ ನೀ."

ನನ್ನ ಗಂಡ ಚಪ್ಪಲಿ ಹಾಕಿಕೊಂಡು ಹೊರಗೆ ಹೋಗಿ, ಮನೆಯ ಮುಂದಿನ ಬೇವಿನ ಗಿಡದ ಕೆಳಗೆ ನಿಂತರು. ಅವರು ಒಳಗೆ ಬರಲೇ ಇಲ್ಲ.

ಸಿಂದಗಿಗೆ ಮರಳಿದ ದಿನವೇ ನನ್ನನ್ನು ಕಂಪ್ಯೂಟರ್ ಮುಂದೆ ಕೂರಿಸಿದರು. ಠರಾವುಗಳನ್ನೆಲ್ಲ ಚಿತ್ರದ ರೂಪದಲ್ಲಿ ಮತ್ತೆ ತೆಗೆಯಬೇಕು, ಯಾವ ಯಂತ್ರದಲ್ಲಿಯೂ ಮಾನ ಹೋಗಬಾರದು. ಆ ಶನಿವಾರ ಗಂಡ ಬಂದಾಗ, ಊಟಕ್ಕೆ ಬಡಿಸುತ್ತ, ಅಪ್ಪ ಮಗ ಇಬ್ಬರೂ ಇರುವಾಗಲೇ ನಾನು ಕೇಳಿದೆ.

"ಮಾವಾರ, ಅವತ್ತು ಫೋನ್ ಯಾವಾಗ ಬಂದಿತ್ರಿ?"

ಅವರು ತುತ್ತನ್ನು ಅಗಿದು, ನುಂಗಿ, ನೀರು ಕುಡಿದರು.

"ಮುಂಜಾನಿ ಬಂದಿತ್ತು. ಹೇಳಿದ್ರ ನೀ ಕೆಲಸಾ ಅರ್ಧಕ್ಕ ಬಿಟ್ಟು ಓಡ್ತಿದ್ದಿ. ಹೋಗಿ ಏನ್ ಉಳಸ್ತಿದ್ದಿ? ನೀ ಏನ್ ಡಾಕ್ಟರ್ ಅದೀಯೇನು?"

ನಾನು ಗಂಡನನ್ನು ನೋಡಿದೆ. ಅವರು ತಾಟಿನಲ್ಲಿದ್ದ ಪಲ್ಯವನ್ನು ಒಂದು ಬದಿಗೆ ಸರಿಸಿದರು, ಮತ್ತೆ ಇನ್ನೊಂದು ಬದಿಗೆ ಸರಿಸಿದರು. "ಅಪ್ಪಾರ, ಸಾರು ಹಾಕ್ಲೇನ್ರಿ?" ಎಂದರು. ಗಂಡನ ಮೇಲೆ ನನಗಿದ್ದ ಆಸೆ ಅಲ್ಲಿಗೆ ಮುಗಿಯಿತು. ಆಮೇಲೆ ನಮಗೆ ಎರಡು ಮಕ್ಕಳಾದವು, ಅದು ಬೇರೆ ಮಾತು.

ಕೆಲಸ ಮತ್ತೆ ಮುಗಿಯಿತು. ಒಂದೇ ಜಾಗದಲ್ಲಿ ಇಟ್ಟಿದ್ದರಿಂದಲ್ಲವೇ ಒರಲೆ ತಿಂದದ್ದು ಎಂದು ಮಾವನವರು ಈ ಸಲ ಮೂರು ಸಿಡಿ ಮಾಡಿಸಿದರು. ಒಂದು ಮನೆಯಲ್ಲಿ, ಸಂಘಕ್ಕೆಂದು. ಒಂದು ಬ್ಯಾಂಕಿನ ಲಾಕರಿನಲ್ಲಿ, ಅತ್ತೆಯ ಬಂಗಾರದ ಸರ ಬೋರಮಾಳದ ಪಕ್ಕದಲ್ಲಿ. ಆ ಲಾಕರಿನ ಕೀಲಿಯನ್ನು ಅತ್ತೆ ಯಾವತ್ತೂ ಮುಟ್ಟಿರಲಿಲ್ಲ. ಇನ್ನೊಂದನ್ನು ಕೊಡಲು ನನ್ನನ್ನೂ ಅತ್ತೆಯನ್ನೂ ಮುದ್ದೇಬಿಹಾಳಕ್ಕೆ, ನಾದಿನಿಯ ಮನೆಗೆ ಕಳಿಸಿದರು. ನಾದಿನಿ ಅದನ್ನು ರೇಶ್ಮೆ ಸೀರೆಗಳ ನಡುವೆ ಇಟ್ಟು ಕಪಾಟಿನ ಬಾಗಿಲು ಹಾಕಿದಳು. "ಅಪ್ಪಾರಿಗೆ ಬ್ಯಾರೆ ಉದ್ಯೋಗ ಇಲ್ಲ," ಎಂದು ನಕ್ಕಳು. ಅತ್ತೆ ನಗಲಿಲ್ಲ.

ಬರುವಾಗ ಬಸ್ಸಿನಲ್ಲಿ ಅತ್ತೆ ಕಿಡಕಿಯ ಹೊರಗೆ ನೋಡುತ್ತ, ಯಾರಿಗೋ ಹೇಳುವಂತೆ ಹೇಳಿದರು. "ಅವತ್ತು ನಾ ಹೇಳಬೇಕಂತ ಬಂದಿದ್ದೆ. ಬಾಗಲ ಹಿಂದ ನಿಂತಿದ್ದ ಅಂವಾ."

ಗಂಡನನ್ನು ಅವರು 'ಅಂವಾ' ಎಂದು ಕರೆದದ್ದು ನಾನು ಕೇಳಿದ್ದು ಅದೇ ಮೊದಲು. ಆ ವಾರದಿಂದ ನನಗೆ ಬಿಸಿ ರೊಟ್ಟಿ ಸಿಗತೊಡಗಿತು.

ಮುಂದಿನ ಚುನಾವಣೆಯಲ್ಲಿ ಮಾವನವರು ಸೋತರು. ಜವಳಿ ಅಂಗಡಿಯವನು ಕಾರ್ಯದರ್ಶಿಯಾದ. ಅಧಿಕಾರ ಒಪ್ಪಿಸುವ ದಿನ ಇವರು ಸಿಡಿಯನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು, ಮೇಲೆ ಹಳದಿ ಬಟ್ಟೆ ಸುತ್ತಿ, ಎರಡೂ ಕೈಯಿಂದ ಕೊಟ್ಟರು. ಇದರಲ್ಲಿ ಏನೇನಿದೆ, ಹೇಗೆ ಇಡಬೇಕು, ಬಿಸಿಲಿಗೆ ಯಾಕೆ ಇಡಬಾರದು ಎಂದು ಹೇಳತೊಡಗಿದರು. ಅವನು ನಡುವೆಯೇ, "ಶಿಕ್ಕಾ ಎಲ್ಲೈತ್ರಿ?" ಎಂದ. ಅವನಿಗೆ ಬೇಕಾಗಿದ್ದದ್ದು ಸಂಘದ ಮೊಹರು ಮಾತ್ರ.

ಬೇಸಿಗೆ ಬಂತು. ಎದುರು ಸಾಲಿನಲ್ಲಿದ್ದ ಅವನ ಮನೆಯ ಮಾಳಿಗೆಯ ಮೇಲೆ ಹಪ್ಪಳ ಸಂಡಿಗೆ ಹಾಕಿದ್ದರು. ಗುಬ್ಬಿ ಪಾರಿವಾಳ ಬಾರದಂತೆ ಹಗ್ಗ ಕಟ್ಟಿ, ಹಗ್ಗಕ್ಕೆ ಹಳೆಯ ಸಿನೆಮಾ ಸಿಡಿಗಳನ್ನು ತೂಗುಬಿಟ್ಟಿದ್ದರು. ಎಲ್ಲರ ಮನೆಯಲ್ಲಿಯೂ ಆಗ ಹಾಗೇ ಮಾಡುತ್ತಿದ್ದರು. ಮಾವನವರು ನಮ್ಮ ಮಾಳಿಗೆಯಿಂದ ನೋಡಿ ನನ್ನನ್ನು ಕೂಗಿದರು.

"ಆ ನಡುವಿನದು ನಮ್ಮದೇನು ನೋಡು."

ನನ್ನ ಕೈಬರಹ ನನಗೆ ಅಷ್ಟು ದೂರದಿಂದಲೂ ಗೊತ್ತಾಯಿತು. ಹಸಿರು ಮಾರ್ಕರಿನಲ್ಲಿ ಸಂಘದ ಹೆಸರನ್ನು ದುಂಡಗೆ ಬರೆದಿದ್ದೆ.

"ಹೌದ್ರಿ, ನಮ್ಮದ ಐತಿ," ಎಂದೆ. ಇಲ್ಲ ಎನ್ನಬಹುದಿತ್ತು.

ಅವರು ಕೆಳಗೆ ಇಳಿಯಲಿಲ್ಲ. ಗಾಳಿಗೆ ಅದು ತಿರುಗಿದಾಗಲೆಲ್ಲ ಬೆಳಕು ಅವರ ಮುಖದ ಮೇಲೆ ಬಿದ್ದು ಹೋಗುತ್ತಿತ್ತು. ಸಂಡಿಗೆ ಒಣಗುವ ತನಕ, ದಿನಾ ಹೋಗಿ ನಿಂತು ನೋಡುತ್ತಿದ್ದರು. ಹೋಗಿ ಕೇಳ್ರಿ ಎಂದರೆ, "ಏನಂತ ಕೇಳ್ಲಿ?" ಎನ್ನುತ್ತಿದ್ದರು.

ಅವರಿಗೆ ಮೊದಲಿನಿಂದಲೂ ಸಕ್ಕರೆ ಕಾಯಿಲೆ. ಔಷಧ ಸರಿಯಾಗಿ ತೆಗೆದುಕೊಂಡವರಲ್ಲ. ಮರುವರ್ಷ ಕಣ್ಣು ಮಂಜಾಗತೊಡಗಿದವು. ಸೊಲ್ಲಾಪುರಕ್ಕೆ ಕರೆದುಕೊಂಡು ಹೋಗುವಷ್ಟರಲ್ಲಿ ತಡವಾಗಿತ್ತು. ಒಂದು ಕಣ್ಣು ಪೂರ್ತಿ ಹೋಯಿತು, ಇನ್ನೊಂದರಲ್ಲಿ ಹಗಲು ರಾತ್ರಿ ಮಾತ್ರ ತಿಳಿಯುತ್ತಿತ್ತು. ಮೂಲೆಯ ಖೋಲಿಯಲ್ಲಿ, ಕಂಪ್ಯೂಟರಿನ ಪಕ್ಕಕ್ಕೇ, ಮಂಚ ಹಾಕಿಸಿಕೊಂಡರು. ಅವರಿಗೆ ಒಂದೇ ಒಂದು ಬಯಕೆ. ನಾನು ದಫ್ತರ ತೆಗೆದು ಓದಿ ಹೇಳಬೇಕು. ಇಂಥ ವರ್ಷ, ಇಂಥ ತಿಂಗಳ ಸಭೆ, ತಾನು ಏನು ಠರಾವು ಮಾಡಿಸಿದ್ದೆ, ಯಾರು ವಿರೋಧಿಸಿದರು.

ಮೊದಮೊದಲು ನಾನು ಓದಿದೆ. ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು, ತಮ್ಮ ಹೆಸರು ಬಂದಲ್ಲೆಲ್ಲ ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಒಂದು ಮಧ್ಯಾಹ್ನ ನಾನು ಕಂಪ್ಯೂಟರ್ ಚಾಲೂ ಮಾಡಲು ಹೋದಾಗ, ಬಾಗಿಲಲ್ಲಿ ನಿಂತಿದ್ದ ಅತ್ತೆ ನನಗೆ ಬೇಡವೆಂದು ಕೈ ಮಾಡಿದರು. ಒಳಗೆ ಬಂದು ಗೋಡೆಯ ಬಟನ್ನು ಒತ್ತಿದರು. ತಲೆಯ ಮೇಲೆ ತಿರುಗುತ್ತಿದ್ದ ಫ್ಯಾನು ನಿಧಾನವಾಗಿ ನಿಂತಿತು.

"ಕರೆಂಟ್ ಹೋತು ನೋಡ್ರಿ," ಎಂದರು ಅತ್ತೆ.

"ಈಗರೆ ಇತ್ತಲ್ಲ?"

"ಈಗ ಹೋತು."

"ಬಂದಕೂಡ್ಲೆ ಹೇಳ್ರಿ," ಎಂದು ಮಾವನವರು ಗೋಡೆಗೆ ಒರಗಿ ಕಾದರು.

ಏಪ್ರಿಲ್ ತಿಂಗಳ ಸಿಂದಗಿ. ಆ ಮೂಲೆಯ ಖೋಲಿಗೆ ಮಾತ್ರ ಹಾಕಿದ್ದ ತಗಡಿನ ಮಾಡು ಕಾದು ಸಿಡಿಯುತ್ತಿತ್ತು. ಅತ್ತೆ ನೆಲದ ಮೇಲೆ ಕುಳಿತು ಜೋಳ ಹಸನು ಮಾಡತೊಡಗಿದರು. ನಾನೂ ಕುಳಿತೆ. ಬೆವರು ಬೆನ್ನ ಮೇಲಿಂದ ಇಳಿದು ಸೊಂಟದ ತನಕ ಹೋಯಿತು. ಬೇರೆ ಖೋಲಿಗೆ ಹೋಗಿದ್ದರೆ ನಮಗೆ ಗಾಳಿ ಸಿಗುತ್ತಿತ್ತು. ಇಬ್ಬರೂ ಹೋಗಲಿಲ್ಲ. ಮಾವನವರ ಗಲ್ಲದಿಂದ ಬೆವರು ತೊಟ್ಟಿಕ್ಕುವುದನ್ನು ನೋಡುತ್ತ ಕುಳಿತೆವು.

ದಿನಾ ಹೀಗೇ ಆಯಿತು. ಪಕ್ಕದ ನರ್ಸು ಬಾಯಿಯ ಮನೆಯಿಂದ ಟಿವಿಯ ಹಾಡು ಕೇಳಿಬಂದರೆ ಮಾವನವರು ಕಿವಿಗೊಡುತ್ತಿದ್ದರು.

"ಅವರ ಮನ್ಯಾಗ ಟಿವಿ ನಡದೈತಲ್ಲ?"

"ಅವರು ಬ್ಯಾಟರಿ ತಂದಾರ," ಎನ್ನುತ್ತಿದ್ದರು ಅತ್ತೆ.

"ನಾವೂ ತರೂಣು."

"ತರೂಣಂತ."

ಒಮ್ಮೆ ನಾನು ಅಡುಗೆಮನೆಯಲ್ಲಿ ಮೆಲ್ಲಗೆ ಕೇಳಿದೆ. "ಅತ್ಯಾರ, ಯಾಕ ಹಿಂಗ ಮಾಡ್ತೀರಿ?"

ಅವರು ಹಿಟ್ಟು ನಾದುವುದನ್ನು ನಿಲ್ಲಿಸಲಿಲ್ಲ. "ಇಷ್ಟು ವರ್ಷ ಆ ಹಾಳಿ ಓದಿ ಓದಿ ಅಂವಾ ಮಂದೀಗೆ ನಗೂದು ಕೇಳೇನಿ. ನನಗ ಒಂದು ದಿನಾ ಕುಂಡ್ರು ಅಂದಿಲ್ಲ ಅಂವಾ. ಈಗ ಸುಮ್ಮ ಕುಂಡ್ರಲಿ."

ಅತ್ತೆ ಒಂದು ವಾರ ಮುದ್ದೇಬಿಹಾಳಕ್ಕೆ, ಮಗಳ ಬಾಣಂತನಕ್ಕೆ ಹೋದರು. ಮನೆಯಲ್ಲಿ ಮಾವನವರು, ನಾನು, ತೊಟ್ಟಿಲಲ್ಲಿ ನನ್ನ ಮೊದಲ ಮಗು. ಹೆಂಡತಿ ಇಲ್ಲವೆಂದು ಅವರಿಗೆ ಗೊತ್ತಿತ್ತು. ಮಧ್ಯಾಹ್ನ, ಆವರೆಗೆ ನಾನು ಅವರಿಂದ ಕೇಳಿರದ ಧ್ವನಿಯಲ್ಲಿ ಕರೆದರು.

"ತಂಗೀ, ಇವತ್ತರೆ ಕರೆಂಟ್ ಐತೇನವಾ?"

ಫ್ಯಾನು ನನ್ನ ತಲೆಯ ಮೇಲೆ ಕಿರುಗುಡುತ್ತ ತಿರುಗುತ್ತಿತ್ತು. ಅದರ ಗಾಳಿ ಅವರ ಮುಖಕ್ಕೂ ಬಡಿಯುತ್ತಿತ್ತು, ತಲೆಯ ಬಿಳಿಗೂದಲು ಹಾರುತ್ತಿತ್ತು. ಅವರಿಗೆ ಗೊತ್ತಿದ್ದೇ ಕೇಳಿದ್ದರು. ಬೇಡಿದ್ದರು ಎಂದರೂ ಸರಿ. ನಾನು ಎದ್ದು ಹೋಗಿ ಬಟನ್ನು ಒತ್ತಿದೆ. ಟಕ್ ಎಂದದ್ದು ಖೋಲಿಗೆಲ್ಲ ಕೇಳಿಸಿತು.

"ಇಲ್ರಿ ಮಾವಾರ. ಈಗ ಹೋತು."

ಅವರು ಆ ಕಡೆಗೆ ಮುಖ ತಿರುಗಿಸಿದರು. ಆಮೇಲೆ, "ಆತು," ಎಂದರು. ಅವತ್ತಿನಿಂದ ಕೇಳುವುದನ್ನೇ ಬಿಟ್ಟರು. ಮಾತನ್ನೂ ಬಹುಮಟ್ಟಿಗೆ ಬಿಟ್ಟರು. ತಟ್ಟೆ ಇಟ್ಟರೆ ಉಣ್ಣುವರು, ಇಡುವುದು ತಡವಾದರೆ ಕೇಳರು. ಅತ್ತೆ ಮರಳಿ ಬಂದು, ಇವರು ಸುಮ್ಮನಿರುವುದನ್ನು ನೋಡಿ, ನನ್ನ ಕಡೆ ನೋಡಿದರು.

ಚಳಿಗಾಲಕ್ಕೆ ಅವರು ತೀರಿಕೊಂಡರು. ಜವಳಿ ಅಂಗಡಿಯವನು ದೊಡ್ಡ ಹೂವಿನ ಹಾರ ತಂದಿದ್ದ. ಮಣ್ಣಿಗೆ ಹೋಗಿ ಬಂದು, ಅಂಗಳದಲ್ಲಿ ಕಾಲು ತೊಳೆಯುತ್ತಲೇ ನನ್ನನ್ನು ಕೇಳಿದ. ಉದ್ಯಾನದ ಜಾಗವನ್ನು ಹೊಲದ ಹಳೆಯ ಮಾಲೀಕನ ಕಡೆಯವರು ತಮ್ಮದೆಂದು ತಕರಾರು ತೆಗೆದಿದ್ದರಂತೆ. ನಕಾಶೆ ಬೇಕಿತ್ತು. "ನಿಮ್ಮ ಕಡೆ ಒಂದು ಕಾಪಿ ಇರಬೇಕಲ್ರಿ ಅಕ್ಕಾರ?" ಎಂದ. ನಾನು ಒಳಗೆ ಹೋಗಿ ಕಂಪ್ಯೂಟರಿನಿಂದ ಹೊಸ ಸಿಡಿ ಬರೆದು ಕೊಟ್ಟೆ. ನಕಾಶೆ, ಠರಾವು ಎಲ್ಲ ನಿಚ್ಚಳವಾಗಿತ್ತು. ಕೆಲಸ ನಾನು ಚೊಕ್ಕವಾಗಿಯೇ ಮಾಡಿದ್ದೆ. ಜಾಗ ಉಳಿಯಿತು. ಈಗ ಅಲ್ಲಿ ತಂತಿ ಬೇಲಿ ಹಾಕಿ, ಎರಡು ಸಿಮೆಂಟು ಬೆಂಚು ಇಟ್ಟು, ಫಲಕ ನಿಲ್ಲಿಸಿದ್ದಾರೆ. ಫಲಕದ ಮೇಲೆ ಜವಳಿ ಅಂಗಡಿಯವನ ಹೆಸರಿದೆ.

ಅತ್ತೆಯನ್ನು ಕರೆದುಕೊಂಡು ನಾವು ಬಸವನ ಬಾಗೇವಾಡಿಗೆ ಹೋದೆವು. ಅಲ್ಲಿ ಬಾಡಿಗೆಯ ಮನೆ, ಎರಡು ಖೋಲಿ, ಒಂದು ಅಡುಗೆಮನೆ. ಮಾವನವರ ವರ್ಷಾಬ್ದಿ ಮುಗಿಸಿ ಬಂದ ದಿನ, ಗಂಡ ಊಟಕ್ಕೆ ಕುಳಿತವರು ತುತ್ತನ್ನು ಕೈಯಲ್ಲೇ ಹಿಡಿದುಕೊಂಡು ಕೇಳಿದರು.

"ಅಪ್ಪಾರಿಗೆ ಕಡೀ ಕಡೀಗೆ ಆ ದಫ್ತರ ಓದಿಸಿ ಕೇಳೂ ಆಸೆ ಭಾಳ ಇತ್ತಂತ. ನೀ ಓದ್ತಿದ್ದೇನು?"

ನಾನು ಮಜ್ಜಿಗೆ ಬಗ್ಗಿಸುತ್ತಿದ್ದೆ. ನಾನು ಬಾಯಿ ತೆರೆಯುವ ಮೊದಲೇ ಒಲೆಯ ಮುಂದಿದ್ದ ಅತ್ತೆ ತಿರುಗಿ ನೋಡದೆ ಹೇಳಿದರು.

"ದಿನಾ ಓದ್ತಿದ್ಲು. ನಾನೇ ಕುಂತು ಕೇಳ್ತಿದ್ದೆ."

ಗಂಡನ ಕಣ್ಣು ತುಂಬಿದವು. "ಚಲೋ ಆತು," ಎಂದು ಎಡಗೈಯಿಂದ ಒರೆಸಿಕೊಂಡರು. ಅತ್ತೆ ಹಂಚಿನ ಮೇಲಿನ ರೊಟ್ಟಿಯನ್ನು ತೆಗೆದು, ಮಗನ ತಾಟನ್ನು ದಾಟಿ, ನನ್ನ ತಾಟಿಗೆ ಹಾಕಿದರು.